ಒಂದು ಬೆರಳು ಉಳಿದ ಪುರಸಭೆ

ನನ್ನ ಹೆಂಡತಿ ಪುರಸಭೆಯ ಅಧ್ಯಕ್ಷೆಯಾದ ದಿನ ಕಚೇರಿಯೊಳಗೆ ಕಿಟಕಿಯಿಂದ ಇಳಿದಳು. ಆಡಿಕೊಳ್ಳಲು ಹೇಳುತ್ತಿಲ್ಲ, ಆಗ ಬೇರೆ ದಾರಿಯೇ ಇರಲಿಲ್ಲ. ಎರಡಂತಸ್ತಿನ ಕಟ್ಟಡ. ಕೆಳಗಿನ ಅಂತಸ್ತು ಪೂರ್ತಿ ನೆಲದೊಳಗೆ ಹೋಗಿತ್ತು, ಮೇಲಿನ ಅಂತಸ್ತಿನ ಕಿಟಕಿಯೇ ಹೆಬ್ಬಾಗಿಲಾಗಿತ್ತು. ಒಳಗೆ ಕಾಲೂರಲು ಒಂದು ಸ್ಟೂಲ್ ಇಟ್ಟಿದ್ದರು. ಕೊರಳಲ್ಲಿ ಹಾರ, ಸೊಂಟಕ್ಕೆ ಸಿಕ್ಕಿಸಿದ ಸೆರಗು, ಒಂದು ಕಾಲು ಒಳಗೆ, ಒಂದು ಕಾಲು ಹೊರಗೆ. ನೀಲಗಂಗಾ ಹಾಗೆ ನಿಂತಿದ್ದಾಗಲೇ ಕಿಟಕಿಯ ಚಿಲಕಕ್ಕೆ ಸಿಕ್ಕ ಹೊಸ ಇಳಕಲ್ ಸೀರೆ ಚರ್ರೆಂದು ಹರಿಯಿತು. ಜನ ಅದಕ್ಕೂ ಚಪ್ಪಾಳೆ ತಟ್ಟಿದರು. ಅವಳು ತಿರುಗಿ ನೋಡಿದ್ದು ಮಾತ್ರ ನನ್ನನ್ನು. ಆ ನೋಟದ ಅರ್ಥ ಇಪ್ಪತ್ತಾರು ವರ್ಷ ಸಂಸಾರ ಮಾಡಿದ ನನಗೆ ಗೊತ್ತು: ಈ ಕಿಟಕಿಗೆ ಒಂದು ಗತಿ ಕಾಣಿಸದೆ ಅವಳು ಸುಮ್ಮನಾಗುವವಳಲ್ಲ.

ನಮ್ಮ ಊರಲ್ಲಿ ಹೊಗೆಗೆ ಭಾರ ಉಂಟು. ಯಾರು ಎಷ್ಟು ಉರಿಸುತ್ತಾರೋ ಅವರ ಹೊಸ್ತಿಲು ಅಷ್ಟು ಇಳಿಯುತ್ತದೆ. ಉರಿ ಕಡಿಮೆಯಾದರೆ ಏಳುತ್ತದೆ. ಇಳಿಯುವುದು, ಏಳುವುದು ಎಲ್ಲ ಅಮಾವಾಸ್ಯೆಯ ದಿನ ಹೊತ್ತು ಮೂಡುವಾಗ. ಆ ದಿನ ಹೆಂಗಸರು ಗಡಿಗೆ, ಡಬ್ಬಿಗಳನ್ನೆಲ್ಲ ಮೊದಲೇ ನೆಲಕ್ಕಿಳಿಸಿ ಇಡುತ್ತಾರೆ. ಗಂಡಸರು ಅಂಗಳದಲ್ಲಿ ಹಲ್ಲುಜ್ಜುತ್ತಾ ನಿಂತು, ಮನೆ ಗುಡುಗುಡು ಎಂದು ಅಲುಗಿ ನಿಂತ ಮೇಲೆ ಮೆಟ್ಟಿಲುಗಲ್ಲನ್ನು ಹಿಂದಕ್ಕೋ ಮುಂದಕ್ಕೋ ಸರಿಸಿ ಚಹಾ ಕುಡಿಯಲು ಒಳಗೆ ಹೋಗುತ್ತಾರೆ. ಹೆಣ್ಣು ಕೇಳಲು ಬಂದವರು ಮೊದಲು ನೋಡುವುದು ಹತ್ತಿ ಹೋಗುವ ಮನೆಯೋ ಇಳಿದು ಹೋಗುವ ಮನೆಯೋ ಎಂದು. ನಮ್ಮದು ಎರಡು ಮೆಟ್ಟಿಲು ಹತ್ತುವ ಮನೆ. ಅದನ್ನು ನೋಡಿಯೇ ನಮ್ಮ ಮಾವ ನನ್ನ ಸೊಟ್ಟ ಮೂಗನ್ನು ಕ್ಷಮಿಸಿದ್ದು.

ಪುರಸಭೆಯದು ಮಾತ್ರ ಇಳಿಯುವುದೇ ಆಯಿತು. ಪುರಸಭೆಗೆ ಸೇರಿದ್ದು ಊರಿನ ಯಾವ ಮೂಲೆಯಲ್ಲಿ ಉರಿದರೂ ಭಾರ ಬೀಳುವುದು ಕಚೇರಿಯ ಮೇಲೆ. ಜೀಪಿತ್ತು, ಜನರೇಟರ್ ಇತ್ತು, ಮುಖ್ಯಾಧಿಕಾರಿ ಪ್ರಾಣೇಶ ಸಾಹೇಬರ ಕೋಣೆಗೆ ಎಸಿ ಇತ್ತು. ಕೆಳಗಿನ ಅಂತಸ್ತು ಮಣ್ಣೊಳಗೆ ಹೋಗಿದ್ದರಿಂದ ಅಲ್ಲಿ ಹಾಡಹಗಲೇ ದೀಪ ಬೇಕು, ದೀಪಕ್ಕೆ ಜನರೇಟರ್ ಬೇಕು, ಜನರೇಟರ್ ಓಡಿದರೆ ಮತ್ತಷ್ಟು ಇಳಿತ. ತಿಂಗಳಿಗೆ ಮೂರು ಬೆರಳಿನಂತೆ ಕಟ್ಟಡ ಹೋಗುತ್ತಿತ್ತು. ಕಿಟಕಿಯ ಕೆಳಗೆ ತೂಗುಹಾಕಿದ್ದ ‘ಪುರಸಭಾ ಕಾರ್ಯಾಲಯ’ ಎಂಬ ಫಲಕ ನೆಲದಿಂದ ನಾಲ್ಕೇ ಬೆರಳು ಮೇಲಿತ್ತು.

ಆಗ ಜಿಲ್ಲೆಯಿಂದ ಕಾಗದ ಬಂತು. ‘ತಮ್ಮ ಸಂಸ್ಥೆಯು ಸ್ವಂತ ಇಂಗಾಲ ಹೊರಸೂಸುವಿಕೆಯನ್ನು ತಗ್ಗಿಸತಕ್ಕದ್ದು’ ಎಂದು ಶುರುವಾಗಿ ಒಂದೂವರೆ ಪುಟ ಇತ್ತು. ನೀಲಗಂಗಾ ಅದನ್ನು ರೊಟ್ಟಿ ಬಡಿಯುತ್ತಾ ನನ್ನಿಂದ ಎರಡು ಸಲ ಓದಿಸಿದಳು.

“ಸುತ್ತಿ ಬಳಸಿ ಏನ್ ಹೇಳತಾರ್ರೀ ಇವ್ರು?”

“ಮಹಾನವಮಿ ಅಮಾವಾಸಿ ದಿನ ಅಳ್ಯಾಕ ಬರತಾರಂತ. ಅವತ್ತ ಫಲಕ ಮಣ್ಣಿಗೆ ಮುಟ್ಟಿದ್ರ ಪುರಸಭೆ ಬಂದ್. ನಮ್ಮ ಊರನ್ನ ಹೊಳಿ ಆಚೆ ಊರಿಗೆ ಕೂಡಿಸತಾರಂತ.”

ಅವಳ ಕೈಯಲ್ಲಿದ್ದ ರೊಟ್ಟಿ ಅಲ್ಲೇ ನಿಂತಿತು. ಹೊಳೆಯಾಚೆಯ ಊರಿನವರು ನಮ್ಮನ್ನು ‘ತಗ್ಗಿನೂರವರು’ ಎಂದು ಕರೆಯುವವರು. ಒಂದು ಜನನ ಪತ್ರಕ್ಕೂ ದೋಣಿ ಹತ್ತಿ ಅವರ ಮುಂದೆ ಹೋಗಿ ನಿಲ್ಲಬೇಕೆಂದರೆ ಜನರ ಗತಿ ಏನು? ಅದೂ ನೀಲಗಂಗಾ ಕುರ್ಚಿಯಲ್ಲಿದ್ದಾಗ! “ನನ್ನ ಕಾಲಕ್ಕ ಊರಿನ ಹೆಸರು ಮಣ್ಣಿಗೆ ಮುಟ್ಟಿತು ಅನಿಸಿಕೊಳ್ಳಾಕ ನಾ ತಯಾರಿಲ್ಲ” ಎಂದಳು. ಆಮೇಲೆ ರೊಟ್ಟಿಯನ್ನು ಹಂಚಿಗೆ ಎಷ್ಟು ಜೋರಾಗಿ ಹಾಕಿದಳೆಂದರೆ ಅದು ಹರಿದೇ ಹೋಯಿತು.

ಇಲ್ಲಿ ನನ್ನ ವಿಷಯ ಹೇಳಬೇಕು. ಹೆಸರು ಗುರುಪಾದಪ್ಪ. ಪುರಸಭೆಯ ನೀರಿನ ಪಂಪು ನೋಡಿಕೊಳ್ಳುವವನು. ಹೊಳೆದಂಡೆಯ ಡೀಸೆಲ್ ಇಂಜಿನ್ ಹಚ್ಚಿ ದಿಬ್ಬದ ಮೇಲಿನ ದೊಡ್ಡ ತೆರೆದ ತೊಟ್ಟಿಗೆ ನೀರು ಏರಿಸುವುದು ನನ್ನ ಕೆಲಸ. ತೊಟ್ಟಿ ತುಂಬಿದರೆ ಪಂಪು ನಿಲ್ಲಿಸುವವನು ನಾನಲ್ಲ. ತುಂಬಿ, ಮೇಲಿನ ಕಲ್ಲುದೋಣಿಯಿಂದ ‘ಧೋ’ ಎಂದು ಧುಮ್ಮಿಕ್ಕಬೇಕು. ಆ ಸದ್ದು ಕೇಳಿಯೇ ಊರು ಕೊಡ ಹಿಡಿದು ನಲ್ಲಿಗೆ ಹೋಗುವುದು. ನಾನು ಕೆಲಸಕ್ಕೆ ಸೇರಿದ ವರ್ಷ ತೊಟ್ಟಿ ಅರ್ಧ ಮಾತ್ರ ತುಂಬಿ, ಬೀದಿಬೀದಿಯಲ್ಲಿ ಕೊಡಗಳ ಕಾಳಗವಾಗಿತ್ತು. ಅಂದಿನಿಂದ ಶಪಥ ಮಾಡಿದ್ದೆ, ನನ್ನ ತೊಟ್ಟಿ ದಿನವೂ ಎರಡು ತಾಸು ಹರಿಯಬೇಕು ಎಂದು. ಊರವರು ಪ್ರೀತಿಯಿಂದ ‘ಧೋ ಗುರುಪಾದಪ್ಪ’ ಎನ್ನುತ್ತಿದ್ದರು. ಹಾಗೆ ಕರೆದಾಗಲೆಲ್ಲ ನನಗೆ ಒಳಗೊಳಗೇ ಉಬ್ಬಿಬರುತ್ತಿತ್ತು, ಸುಳ್ಳೇಕೆ ಹೇಳಲಿ.

ಮೊದಲ ಸಭೆಯಲ್ಲಿ ನೀಲಗಂಗಾ ಹೇಳಿದ್ದು ಇಷ್ಟೇ. “ಅಡಿಗಿಮನ್ಯಾಗ ಸಾರು ಕೆಟ್ಟರ ನಾವು ಒಂದೊಂದೇ ಸಾಮಾನು ಮೂಸಿ ನೋಡತೀವಿ. ಇಲ್ಲೂ ಹಂಗ. ಒಂದ ಅಮಾವಾಸಿಗೆ ಒಂದು ಬಂದ್. ಯಾವುದರ ಭಾರ ಎಷ್ಟು ಅಂತ ತಾನ ತಿಳೀತೈತಿ. ಮೊದಲು ಯಾವುದು?”

ನಾನು ಬಾಗಿಲ ಬಳಿ, ಅಂದರೆ ಕಿಟಕಿಯ ಬಳಿ, ನಿಂತಿದ್ದವನು ತಡೆಯಲಾರದೆ ಕೂಗಿದೆ, “ಜೀಪು! ಎಲ್ಲಾ ಆ ಜೀಪಿಂದ ಆಗಿದ್ದು!”

“ಪಂಪಿನವರೇ, ಕೇಳಿದಾಗ ಮಾತಾಡ್ರಿ” ಎಂದಳು ಅಧ್ಯಕ್ಷೆ. ಸಭೆ ನಕ್ಕಿತು. ಮನೆಯಲ್ಲಿ ‘ಏನ್ರೀ’, ಕಚೇರಿಯಲ್ಲಿ ‘ಪಂಪಿನವರೇ’. ಅದು ಅವಳು ಮೊದಲ ದಿನವೇ ಹಾಕಿದ ಗೆರೆ. ನಾನೂ ಒಪ್ಪಿದ್ದೆ.

ಜೀಪಿನ ಚಾಲಕ ದಾವಲಸಾಬ ನನ್ನ ಗೆಳೆಯ, ಆದರೆ ಹತ್ತು ವರ್ಷದಿಂದ ನಾನು ಅವನನ್ನು ಬೈಯುತ್ತಲೇ ಬಂದಿದ್ದೆ. ‘ಪೇಟೆಯ ಈ ಬದಿಯಿಂದ ಆ ಬದಿಗೆ ಹೋಗಾಕೂ ಜೀಪು ಹಚ್ಚತೀ, ಕಚೇರಿ ಮುಳುಗಸಾಕ ಹುಟ್ಟೀಯೇನೋ’ ಎಂದು ಕಂಡಲ್ಲೆಲ್ಲ ಅಂದಿದ್ದೇನೆ. ಪಾಪ, ಅವನು ಬೀಗದ ಕೈಯನ್ನು ಮೇಜಿನ ಮೇಲಿಟ್ಟು, ಜೀಪಿನ ಬಾನೆಟ್ ಒಮ್ಮೆ ಸವರಿ ಹೊರಟುಹೋದ. ಸದಸ್ಯರು ನಡೆದು ಓಡಾಡತೊಡಗಿದರು. ಪ್ರಾಣೇಶ ಸಾಹೇಬರು ಮೊದಲ ವಾರ ಬೀದಿಯಲ್ಲಿ ದಾರಿ ತಪ್ಪಿದರು. ಆರು ವರ್ಷದಿಂದ ಅವರು ಊರನ್ನು ಜೀಪಿನ ಕಿಟಕಿಯಿಂದ ಮಾತ್ರ ನೋಡಿದ್ದರು.

ಮಣ್ಣೆತ್ತಿನ ಅಮಾವಾಸ್ಯೆ ಬಂತು. ಮಕ್ಕಳು ಮಣ್ಣಿನ ಎತ್ತುಗಳನ್ನು ಹಿಡಿದು ಕಚೇರಿಯ ಮುಂದೆ ಸಾಲಾಗಿ ಕೂತವು. ಕಟ್ಟಡ ಗುಡುಗುಡು ಎಂದಿತು, ಇಳಿಯಿತು. ಮೂರು ಬೆರಳಲ್ಲ, ಎರಡೇ. ಅಂದರೆ ಜೀಪಿನ ಭಾರ ಒಂದು ಬೆರಳು. ಖುಷಿ ಪಡುವ ಮಾತೇ, ಆದರೆ ಫಲಕದ ಕೆಳಗೆ ಈಗ ಉಳಿದದ್ದೂ ಎರಡೇ ಬೆರಳು.

“ಮುಂದ ಜನರೇಟರು, ಎಸಿ” ಎಂದಳು ನೀಲಗಂಗಾ. ಎಸಿ ಇಲ್ಲದೆ ತಮಗೆ ಕಡತ ಓದಲು ಬರುವುದಿಲ್ಲ ಎಂದು ಪ್ರಾಣೇಶ ಸಾಹೇಬರು ನಿಜವಾಗಿಯೂ ನಂಬಿದ್ದರು. ಒಂದು ವಾರ ಯೋಚಿಸಿ ಒಂದು ಉಪಾಯ ಹೂಡಿದರು. “ಮೇಡಂ, ಜನರೇಟರು ನಾವು ಹಚ್ಚಿದ್ರ ನಮ್ಮ ಭಾರ. ಎದುರಿಗಿನ ದನದ ದವಾಖಾನಿಯವರು ಹಚ್ಚಲಿ, ನಮಗ ಬರೇ ಒಂದು ವಾಯರು ಎಳಕೊಳ್ಳೋಣ. ಉರಿಸಿದವರು ಅವರು, ನಾವಲ್ಲ. ಕಾನೂನು ಪ್ರಕಾರ ಸರಿ ಅದ.” ಸದಸ್ಯರೆಲ್ಲ ತಲೆದೂಗಿದರು. ನೀಲಗಂಗಾಳಿಗೆ ಮನಸ್ಸಿರಲಿಲ್ಲ, ಆದರೂ ಕೈ ಎತ್ತಿದವರು ಹೆಚ್ಚಾಗಿದ್ದರಿಂದ ಒಪ್ಪಿದಳು. ಜನರೇಟರನ್ನು ಎಂಟು ಮಂದಿ ಹೊತ್ತುಕೊಂಡು ರಸ್ತೆ ದಾಟಿಸಿದರು. ನಾನೂ ಒಂದು ಕೈ ಹಾಕಿದ್ದೆ.

ನಾಗರ ಅಮಾವಾಸ್ಯೆಯ ದಿನ ಪುರಸಭೆ ಒಂದೇ ಬೆರಳು ಇಳಿಯಿತು. ಸಾಹೇಬರು “ನೋಡಿದಿರಾ!” ಎಂದು ಕೈ ಮೇಲೆತ್ತುವಷ್ಟರಲ್ಲಿ ಎದುರಿನಿಂದ ಧಡ್ ಎಂದು ಸದ್ದು. ದವಾಖಾನೆ ಸಣ್ಣ ಕಟ್ಟಡ, ತಾಳೀತೇ? ಒಂದೇ ಏಟಿಗೆ ಮೊಳದುದ್ದ ಕುಸಿದಿತ್ತು. ಚುಚ್ಚುಮದ್ದಿಗೆಂದು ಬಾಗಿಲಲ್ಲಿ ನಿಂತಿದ್ದ ಸಕ್ರವ್ವನ ಎಮ್ಮೆ ಬೆದರಿ, ಮುಂಗಾಲು ಜಾರಿ, ಒಳಗೆ ಹೋಗಿ ಕೂತುಬಿಟ್ಟಿತು. ಸೊಪ್ಪು ಮಾರುವ ಸಕ್ರವ್ವನ ಬಾಯಿ ಇಡೀ ಊರಿಗೆ ಗೊತ್ತು. ಅವಳು ಕಿಟಕಿಯ ಮುಂದೆ ಬಂದು ನಿಂತು, “ನಿಮ್ಮ ಹೊಗಿ ನಿಮಗ ಭಾರ ಆದ್ರ ದನದ ತಲಿ ಮ್ಯಾಲೆ ಹೇರತೀರೇನ್ರೋ? ಮೂಕಪ್ರಾಣಿ, ಅದಕ್ಕ ಮಾತು ಬರೂದಿಲ್ಲ ಅಂತ? ನನಗ ಬರತೈತಿ!” ಎಂದು ಶುರುಮಾಡಿದವಳು ಮಧ್ಯಾಹ್ನದವರೆಗೂ ನಿಲ್ಲಿಸಲಿಲ್ಲ.

ನೀಲಗಂಗಾ ಸೀರೆ ಎತ್ತಿ ಕಟ್ಟಿ, ತಾನೇ ಕೆಳಗಿಳಿದು ಎಮ್ಮೆಯ ಹಗ್ಗ ಹಿಡಿದು ಜಗ್ಗಿದಳು. ನಾವೆಲ್ಲ ಹಿಂದಿನಿಂದ ತಳ್ಳಿದೆವು, ಎಸಿ ಇಲ್ಲದೆ ಬದುಕಲಾರದ ಸಾಹೇಬರು ಬಾಲದ ಬಳಿ ನಿಂತು ತಳ್ಳಿ ಬೆವರಿನಲ್ಲಿ ತೊಯ್ದುಹೋದರು. ಎಮ್ಮೆ ಮೇಲೆ ಬಂದ ಮೇಲೆ ಅವರೇ ತಲೆ ತಗ್ಗಿಸಿ ಹೇಳಿದರು, “ಮೇಡಂ, ಎಸಿ ತೆಗೆಸಿಬಿಡ್ರಿ. ಜನರೇಟರೂ ಬ್ಯಾಡ.” ಕೆಳಗಿನ ಅಂತಸ್ತಿನ ಗುಮಾಸ್ತರು ಮೇಜುಗಳನ್ನು ಹೊತ್ತು ಮೇಲೆ ಬಂದರು. ಜಾಗ ಸಾಲದೆ ಇಬ್ಬರು ಹೊರಗೆ ಬೇವಿನ ಮರದ ಕೆಳಗೆ ಕೂತರು. ಅವರ ಬಳಿಯೇ ಜನ ಹೆಚ್ಚು ಬರುತ್ತಿದ್ದರು. ಕಿಟಕಿ ಇಳಿಯುವ ತಾಪತ್ರಯ ಇಲ್ಲವಲ್ಲ.

ಜೀಪು ನಿಂತಿತು, ಜನರೇಟರ್ ನಿಂತಿತು, ಎಸಿ ಹೋಯಿತು. ಆದರೂ ತಿಂಗಳಿಗೆ ಒಂದು ಬೆರಳು ಇಳಿಯುವುದು ಎಲ್ಲಿಂದ? ಉಳಿದದ್ದು ಒಂದೇ ಬೆರಳು. ನಾನೂ ತಲೆ ಕೆರೆದುಕೊಂಡೆ. ಗುಮಾಸ್ತರ ಬೀಡಿಯೋ, ಚಹಾದ ಸ್ಟೋವೋ ಎಂದು ಎಲ್ಲರ ಮೇಲೂ ಅನುಮಾನ ಪಟ್ಟೆ. ಈ ಹೊತ್ತಿಗೆ ನೆನೆದರೆ ನನ್ನ ಕೆನ್ನೆಗೆ ನಾನೇ ಬಡಿದುಕೊಳ್ಳಬೇಕು ಅನಿಸುತ್ತದೆ.

ಬೆನಕನ ಅಮಾವಾಸ್ಯೆಗೆ ಇನ್ನು ಹದಿನೈದು ದಿನ ಇರುವಾಗ ನಾನು ತೊಟ್ಟಿಯ ಪಾಚಿಗಲ್ಲಿನ ಮೇಲೆ ಜಾರಿ ಪಾದ ಉಳುಕಿಸಿಕೊಂಡೆ. ಕಾಲು ಕುಂಬಳಕಾಯಿಯಂತೆ ಊದಿತು. ಕೆಲಸವಿಲ್ಲದೆ ಕೂತಿದ್ದ ದಾವಲಸಾಬ, “ಅಣ್ಣಾ, ನೀ ಮಲಕೋ, ಪಂಪು ನಾ ನೋಡಕೋತೀನಿ” ಎಂದ. ಹದಿನೈದು ದಿನ ನಾನು ಹಾಸಿಗೆಯಲ್ಲಿ ಬಿದ್ದು ಕಿವಿ ಕೊಟ್ಟು ಕೇಳಿದೆ. ಒಂದು ದಿನವೂ ‘ಧೋ’ ಕೇಳಲಿಲ್ಲ. ಇವನಿಗೆ ಕೆಲಸ ಬರುವುದಿಲ್ಲ ಎಂದು ಒಳಗೊಳಗೇ ಹಿಗ್ಗಿದೆ ಕೂಡ.

ಅಮಾವಾಸ್ಯೆಯ ದಿನ ನೀಲಗಂಗಾ ಓಡುತ್ತಾ ಮನೆಗೆ ಬಂದಳು. “ಏನ್ರೀ! ಅಲುಗಲಿಲ್ರೀ! ಒಂದು ಎಳಿಯಷ್ಟೂ ಇಳೀಲಿಲ್ಲ!” ಎಂದು ನನ್ನ ಬಾಯಿಗೆ ಬೆಲ್ಲದ ಚೂರು ಹಾಕಿದಳು. ಊರಲ್ಲಿ ಸಕ್ಕರೆ ಹಂಚಿದರಂತೆ. ಸಂಜೆ ನನ್ನ ಪಾದಕ್ಕೆ ಎಣ್ಣೆ ತಿಕ್ಕುತ್ತಾ ಕೂತವಳು ಇದ್ದಕ್ಕಿದ್ದಂತೆ ಕೈ ನಿಲ್ಲಿಸಿದಳು.

“ಈ ತಿಂಗಳು ಕಚೇರ್‍ಯಾಗ ಹೊಸದಾಗಿ ಏನೂ ಬಂದ್ ಮಾಡಿಲ್ಲ. ಮತ್ತ್ಯಾಕ ನಿಂತಿತು?”

“ದೇವರು ದೊಡ್ಡಾಂವ.”

“ದೇವರಲ್ರೀ. ದಾವಲಸಾಬ. ಅಂವ ಪಂಪು ಎಷ್ಟೊತ್ತು ಹಚ್ಚತಿದ್ದ?”

“ಎಷ್ಟೊತ್ತು? ತೊಟ್ಟಿ ತುಂಬಿದ ಕೂಡಲೇ ಬಂದ್ ಮಾಡಿ ಮನಿಗೆ ಹೋಗತಿದ್ದ, ಮೈಗಳ್ಳ...” ಎಂದವನ ಬಾಯಿ ಅರ್ಧಕ್ಕೇ ಕಟ್ಟಿತು. ಅವಳು ನನ್ನನ್ನೇ ನೋಡುತ್ತಿದ್ದಳು. ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು.

“ಎರಡು ತಾಸು” ಎಂದಳು ಮೆಲ್ಲಗೆ. “ದಿನಾ ಎರಡು ತಾಸು ತುಂಬಿದ ತೊಟ್ಟಿಗೆ ನೀರು ಹೊಯ್ಯೂದು. ಇಪ್ಪತ್ತೇಳು ವರ್ಷ.”

ನನಗೆ ಸಿಟ್ಟು ಬಂತು. ಊರಿಗೆ ಧೈರ್ಯ ಕೊಟ್ಟವನು ನಾನು, ನೀರು ಬಂತೆಂದು ಊರನ್ನು ಎಬ್ಬಿಸಿದವನು ನಾನು, ಈಗ ಮುಳುಗಿಸಿದವನೂ ನಾನೇನು ಎಂದು ಕೂಗಾಡಿದೆ. ಅವಳು ಎಣ್ಣೆ ಬಟ್ಟಲು ಎತ್ತಿಕೊಂಡು ಒಳಗೆ ಹೋದಳು. ಎರಡು ದಿನ ಮುಖ ಊದಿಸಿಕೊಂಡು ಕೂತೆ. ಮೂರನೆಯ ದಿನ ಕುಂಟುತ್ತಾ ಕಚೇರಿಯ ಮುಂದೆ ಹೋಗಿ ಬಗ್ಗಿ, ಫಲಕದ ಕೆಳಗೆ ಬೆರಳು ತೂರಿಸಿ ನೋಡಿದೆ. ತೋರುಬೆರಳು ಬಿಗಿಯಾಗಿ ಹೋಯಿತು. ಎರಡನೆಯ ಬೆರಳಿಗೆ ಜಾಗ ಇರಲಿಲ್ಲ. ನನ್ನ ‘ಧೋ’ ಇನ್ನೊಂದು ತಿಂಗಳು ಬಿದ್ದರೆ ಇದು ಮಣ್ಣಿಗೆ ಮುಟ್ಟುತ್ತದೆ, ನೀಲಗಂಗಾ ಊರಿನ ಮುಂದೆ ತಲೆ ತಗ್ಗಿಸುತ್ತಾಳೆ. ಅಲ್ಲೇ ಕೂತು ಅತ್ತೆ. ನಾಚಿಕೆಯಿಂದ ಅತ್ತೆ, ಯಾರು ನೋಡಿದರೂ ಚಿಂತೆ ಇರಲಿಲ್ಲ.

ನೋಡಿದವನು ದಾವಲಸಾಬ. “ಹತ್ತು ವರ್ಷ ನಿನ್ನ ಬೈದೆನಲ್ಲೋ” ಎಂದೆ.

“ಬೈದಿ, ಬೈದಿ” ಎಂದು ನಕ್ಕು ನನ್ನ ಪಕ್ಕದಲ್ಲೇ ಕೂತ. “ಈಗ ಹತ್ತು ವರ್ಷ ನನ್ನ ಸರದಿ. ಆದ್ರ ಅಣ್ಣಾ, ನಾ ಸುಮ್ಮನ ಪಂಪು ಬಂದ್ ಮಾಡತಿದ್ದೆ, ಮನಿಮನಿಗೆ ಹೋಗಿ ‘ನೀರು ಬಂದೈತಿ’ ಅಂತ ಹೇಳಿ ಹೇಳಿ ಕಾಲು ಸೋತವು. ಊರಿಗೆ ಸದ್ದು ಬೇಕು. ಅದಕ್ಕೊಂದು ದಾರಿ ನೋಡು.”

ಆ ಮಾತು ನನ್ನ ತಲೆಗೆ ಹೊಕ್ಕಿತು. ಸದ್ದು ಬೇಕು, ಆದರೆ ಡೀಸೆಲ್ ಸುಡದ ಸದ್ದು. ತೊಟ್ಟಿಯ ಕೆಳಗೆ ಹರಿದ ನೀರಿನಲ್ಲಿ ಸೊಪ್ಪು ಬೆಳೆಯುತ್ತಿದ್ದ ಸಕ್ರವ್ವನ ಬಳಿ ಹೋಗಿ ಒಂದು ಒಣಗಿದ ಸೋರೆಬುರುಡೆ ಕೇಳಿದೆ. ಅವಳು ಸೊಂಟಕ್ಕೆ ಕೈಯಿಟ್ಟು, “ನಿನ್ನ ಧೋ ನಿಂತರ ನನ್ನ ಮೆಂತೆ ಸೊಪ್ಪಿನ ಪಾಡೇನು?” ಎಂದಳು. ನಲ್ಲಿಯ ಬುಡದಲ್ಲಿ ಪೋಲಾಗುವ ನೀರನ್ನು ಕಾಲುವೆ ತೋಡಿ ಅವಳ ಸೊಪ್ಪಿನ ಮಡಿಗೆ ತಿರುಗಿಸಿಕೊಡುತ್ತೇನೆ ಎಂದ ಮೇಲೆ ಬುರುಡೆ ಕೊಟ್ಟಳು, ಜೊತೆಗೆ ಒಂದು ಕಟ್ಟು ಮೆಂತೆಯನ್ನೂ. ಬುರುಡೆಗೆ ಹಗ್ಗ ಕಟ್ಟಿ ತೊಟ್ಟಿಯಲ್ಲಿ ತೇಲಿಬಿಟ್ಟೆ. ಹಗ್ಗದ ಇನ್ನೊಂದು ತುದಿಗೆ ಪುರಸಭೆಯ ಹಳೆಯ ಹಿತ್ತಾಳೆ ಗಂಟೆ. ನೀರು ಕಂಠಮಟ್ಟ ಬಂದಾಗ ಬುರುಡೆ ಏರಿ, ಹಗ್ಗ ಸಡಿಲಾಗಿ, ಗಂಟೆಯ ನಾಲಿಗೆ ಬಿಡಿಸಿಕೊಂಡು ಢಣ್ ಎಂದು ಬಡಿಯಬೇಕು. ಮೂರು ದಿನ ಅದು ಬಡಿಯಲಿಲ್ಲ. ನಾಲ್ಕನೆಯ ದಿನ ಬಡಿಯಿತು. ಊರು ಕೊಡ ಹಿಡಿದು ಬಂತು. ನಾನು ಇಂಜಿನ್ ನಿಲ್ಲಿಸಿದೆ.

ಇಂಜಿನ್ ನಿಂತ ಮೇಲಿನ ಆ ಮೌನ! ಇಪ್ಪತ್ತೇಳು ವರ್ಷದಲ್ಲಿ ನಾನು ಕೇಳಿರದ ಮೌನ. ಊರವರು ಈಗ ‘ಢಣ್ ಗುರುಪಾದಪ್ಪ’ ಎಂದರು. ಅದೇನು ಹೆಸರು? ನನಗೆ ಹಿಡಿಸಲಿಲ್ಲ. ಆದರೂ ದಿನವೂ ಹೊತ್ತಿಗೆ ಸರಿಯಾಗಿ ನಿಲ್ಲಿಸಿದೆ.

ಮಹಾನವಮಿ ಅಮಾವಾಸ್ಯೆಯ ಹಿಂದಿನ ದಿನ. ಅಳೆಯುವ ಅಧಿಕಾರಿ ಹೊಳೆ ದಾಟಿ ಬಂದು ಕಚೇರಿಯಲ್ಲಿ ಕೂತಿದ್ದ. ಬೆಳಿಗ್ಗೆ ತೊಟ್ಟಿ ತುಂಬಿಸಿ ಪಂಪು ನಿಲ್ಲಿಸುವಾಗಲೇ ಹನಿ ಶುರುವಾಗಿತ್ತು. ಮಧ್ಯಾಹ್ನ ಮುಗಿಲು ಕಪ್ಪಾಗಿ, ಆಲಿಕಲ್ಲು ಸುರಿದಂತೆ ಮಳೆ ಹೊಡೆಯಿತು. ಯಾರೂ ಹೊರಗೆ ಬರಲಿಲ್ಲ, ಯಾರೂ ಒಂದು ಕೊಡ ನೀರು ಹಿಡಿಯಲಿಲ್ಲ. ಅರ್ಧ ತಾಸಿನಲ್ಲಿ ಊರಿಗೆಲ್ಲ ಕೇಳಿತು.

ಧೋ!

ಕಚೇರಿಯಲ್ಲಿ ನೀಲಗಂಗಾ ಆ ಸದ್ದು ಕೇಳಿ ಎದ್ದು ನಿಂತಳಂತೆ. ನಾಳೆ ಬೆಳಗಾದರೆ ಅಳತೆ, ಈ ಮನುಷ್ಯ ಚಟ ತಡೆಯಲಾರದೆ ಪಂಪು ಹಚ್ಚಿದ್ದಾನೆ ಎಂದುಕೊಂಡು ಕೊಡೆಯನ್ನೂ ಹಿಡಿಯದೆ ಕಿಟಕಿ ಹಾರಿ ಓಡಿದಳು. ಹೊಳೆದಂಡೆಯ ಪಂಪಿನ ಕೋಣೆಗೆ ನುಗ್ಗಿ ಇಂಜಿನ್ ಮೇಲೆ ಅಂಗೈ ಇಟ್ಟಳು. ತಣ್ಣಗಿತ್ತು. ಅಲ್ಲಿಂದ ದಿಬ್ಬ ಹತ್ತಿ ಬಂದಳು. ನಾನು ತೊಟ್ಟಿಯ ಕೆಳಗೆ, ಅಂಗಿ ಬಿಚ್ಚಿ, ಧುಮುಕುವ ನೀರಿಗೆ ತಲೆಕೊಟ್ಟು ನಿಂತಿದ್ದೆ. ಹುಚ್ಚನಂತೆ ನಗುತ್ತಿದ್ದೆನಂತೆ.

“ನಾ ಹಚ್ಚಿಲ್ಲ! ದೇವರಾಣಿ ನಾ ಹಚ್ಚಿಲ್ಲ, ಇದು ಮಳಿ!” ಎಂದು ಕೂಗಿದೆ.

“ಗೊತ್ತೈತಿ, ನೋಡಿ ಬಂದೀನಿ” ಎಂದಳು. ಮುಖದ ಮೇಲಿನ ಮಳೆನೀರು ಒರೆಸಿಕೊಂಡು, “ತಪ್ಪು ತಿಳಕೊಂಡೆ ರೀ” ಎಂದಳು. ಆಮೇಲೆ ಪುರಸಭೆಯ ಅಧ್ಯಕ್ಷೆ ಸೆರಗು ಬಿಗಿದು ನನ್ನ ಪಕ್ಕದಲ್ಲಿ ಬಂದು ಆ ನೀರಿಗೆ ತಲೆಕೊಟ್ಟಳು. ದಿಬ್ಬದ ಕೆಳಗೆ ಊರೇ ಸೇರಿತ್ತು. ಸಕ್ರವ್ವ ಮಾತ್ರ ನೋಡಬಾರದೆಂದು ಕಣ್ಣು ಮುಚ್ಚಿಕೊಂಡು, ಬೆರಳ ಸಂದಿಯಿಂದ ನೋಡಿದಳು.

ಮರುದಿನ ಹೊತ್ತು ಮೂಡುವಾಗ ಕಚೇರಿಯ ಮುಂದೆ ಊರೇ ನೆರೆದಿತ್ತು. ಅಧಿಕಾರಿ ಕೆಸರಿನಲ್ಲಿ ಮೊಣಕಾಲೂರಿ ಅಳತೆಗೋಲು ಹಿಡಿದಿದ್ದ. ಗುಡುಗುಡು ಎಂದಿತು. ಕಟ್ಟಡ, ಯಾರೋ ಮುದುಕ ಮೊಣಕಾಲ ಮೇಲೆ ಕೈಯಿಟ್ಟು ಏಳುವಂತೆ, ನರಳುತ್ತಾ ಎದ್ದಿತು. ಒಂದು ಬೆರಳಿದ್ದದ್ದು ಎರಡಾಯಿತು. ಅಧಿಕಾರಿ ಮೂರು ಸಲ ಅಳೆದ. “ಏರಿದೆ” ಎಂದು ಬರೆದುಕೊಂಡ. ಆಮೇಲೆ ಕೇಳಿದ್ದು ಜನರ ಕೂಗು. ದಾವಲಸಾಬ ನನ್ನನ್ನು ಹೆಗಲ ಮೇಲೆ ಎತ್ತಿಕೊಳ್ಳಲು ಹೋಗಿ ಇಬ್ಬರೂ ಕೆಸರಿಗೆ ಬಿದ್ದೆವು.

ಅಂದಿನಿಂದ ತಿಂಗಳಿಗೊಂದು ಬೆರಳು, ಒಮ್ಮೊಮ್ಮೆ ಎರಡು. ಕೆಳಗಿನ ಅಂತಸ್ತಿನ ಸೂರಿನಡಿಯ ಗವಾಕ್ಷಿಯ ನೆತ್ತಿ ಮಣ್ಣಿನಿಂದ ಹೊರಬಂದಾಗ ಹಳೆಯ ದಾಖಲೆ ಕೋಣೆಯೊಳಗೆ ಒಂದು ಪಟ್ಟಿ ಬಿಸಿಲು ಬಿತ್ತು. ಪ್ರಾಣೇಶ ಸಾಹೇಬರು ಗುಮಾಸ್ತರನ್ನೆಲ್ಲ ಕರೆದು ಅದನ್ನು ತೋರಿಸಿದರು. ಜೀಪು ಮಾತ್ರ ಶೆಡ್ಡಿನಲ್ಲೇ ಇದೆ, ಹೆರಿಗೆ ನೋವಿನವರಿಗೆ ಮತ್ತು ಹಾವು ಕಡಿದವರಿಗೆ ಎಂದು ಸಭೆ ಗೊತ್ತುಮಾಡಿದೆ. ಮೊನ್ನೆ ಮಣ್ಣೆತ್ತಿನ ಅಮಾವಾಸ್ಯೆ ಮುಗಿದ ಬೆಳಿಗ್ಗೆ ನೀಲಗಂಗಾ ಕಚೇರಿಗೆ ಬಂದು ಕಿಟಕಿಯ ಮುಂದೆ ನಿಂತಳು. ಎಂದಿನಂತೆ ಕಾಲೆತ್ತಿದಳು, ಎಟುಕಲಿಲ್ಲ. ಇನ್ನೊಮ್ಮೆ ಎತ್ತಿದಳು, ಎಟುಕಲಿಲ್ಲ. ನಗತೊಡಗಿದವಳು ಒಳಗೆ ಗಂಟೆಯ ಹಗ್ಗ ಹೊಸೆಯುತ್ತಾ ಕೂತಿದ್ದ ನನ್ನನ್ನು ಕೂಗಿದಳು.

“ಪಂಪಿನವರೇ, ಆ ಸ್ಟೂಲು ಇನ್ನ ಒಳಗ ಬ್ಯಾಡ. ತಂದು ಹೊರಗ ಇಡ್ರಿ.”